ನಡುಹಗಲಿನ ನೀರು

ಆಕೆಯನ್ನು ಊರೆಲ್ಲ ದೂರಮ್ಮ ಎಂದು ಕರೆಯುತ್ತಿತ್ತು. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ನಾಲ್ಕು ವರ್ಷ ಫೋನ್ ಎತ್ತಿದವಳಿಗೆ ಬೇರೆ ಹೆಸರು ಉಳಿದೀತು ಹೇಗೆ? ನೆಂಟರು ಮಾತ್ರ ಅದಕ್ಕೆ ಇನ್ನೊಂದು ಅರ್ಥ ಅಂಟಿಸಿದ್ದರು. ಯಾರ ಮನೆಯ ಸಮಾರಂಭಕ್ಕೂ ಬಿಡುವಿಲ್ಲ ಎಂದು ದೂರವೇ ಉಳಿಯುವ ಅಮ್ಮ, ಅದಕ್ಕೇ ದೂರಮ್ಮ. ಅದನ್ನು ಕೇಳಿದರೆ ಅವಳು ನಗುತ್ತಿರಲಿಲ್ಲ. "ಕರೆಂಟ್ ಹೋದಾಗ ಹತ್ತಿರದೋಳು, ಬಂದ್ಮೇಲೆ ದೂರದೋಳು. ಚೆನ್ನಾಗಿದೆ ನಿಮ್ಮ ನ್ಯಾಯ" ಅನ್ನುತ್ತಿದ್ದಳು.

ಅವಳ ಪಾಳಿ ಬೆಳಗ್ಗೆ ಹನ್ನೊಂದರಿಂದ ರಾತ್ರಿ ಎಂಟರವರೆಗೆ. ನೆಲಮಹಡಿಯ ಒಂದು ಕೋಣೆ, ಪಕ್ಕದ ಕಟ್ಟಡದ ಗೋಡೆಯನ್ನೇ ನೋಡುವ ಒಂದು ಕಿಟಕಿ, ಗಾಜು ಹೊದಿಸಿದ ಮೇಜು, ಎರಡು ಫೋನು. ಎಡಗಡೆಯ ಫೋನಿನ ಹಿಡಿಕೆ ಸೀಳುಬಿಟ್ಟಿತ್ತು. ಅದಕ್ಕೆ ಸುತ್ತಿದ್ದ ಅಂಟುಪಟ್ಟಿ ಬೇಸಿಗೆಯಲ್ಲಿ ಕರಗಿ ಕೈಗೆ ಮೆತ್ತುತ್ತಿತ್ತು. ಕರೆ ಬಂದ ಹೊತ್ತು, ಬೀದಿ, ದೂರು, ಎಲ್ಲವನ್ನೂ ಉದ್ದನೆಯ ಒಂದು ಪುಸ್ತಕದಲ್ಲಿ ಬರೆಯಬೇಕು. ಮಧ್ಯಾಹ್ನವೆಲ್ಲ ಫೋನು ಸತ್ತಂತೆ ಬಿದ್ದಿರುತ್ತಿತ್ತು. ಸಂಜೆ ಆರೂವರೆ ದಾಟಿತೋ, ಎರಡೂ ಒಟ್ಟಿಗೆ ಅರಚಲು ಶುರು.

"ಯಾವಾಗ ಬರತ್ತೆ?"

"ಲೈನ್ ಮೇಲೆ ಭಾರ ಜಾಸ್ತಿ ಆಗಿದೆ. ಒಂದು ಗಂಟೆಯಾಗತ್ತೆ."

"ಭಾರ ಯಾಕೆ ಜಾಸ್ತಿ ಆಯ್ತು?"

"ನೀವೆಲ್ಲ ಮನೆಗೆ ಬಂದ್ರಲ್ಲ, ಅದಕ್ಕೆ."

ಇಂಥ ಉತ್ತರಗಳಿಗಾಗಿ ಅವಳ ಮೇಲೆಯೇ ಎರಡು ಸಲ ದೂರು ಹೋಗಿತ್ತು. ಅವನ್ನು ಬರೆದುಕೊಂಡವಳೂ ಅವಳೇ.

ಆದರೆ ಅವಳು ಹೇಳಿದ್ದು ಸುಳ್ಳಲ್ಲ. ಆ ಊರಿನ ತಂತಿ, ಕಂಬ, ಕೊಳಾಯಿ ಎಲ್ಲವೂ ನಾಲ್ಕು ಸಾವಿರ ಜನಕ್ಕೆಂದು ಹಾಕಿದ್ದು. ಈಗ ಹತ್ತೊಂಬತ್ತು ಸಾವಿರ. ಒಂದು ಮನೆ ಇದ್ದಲ್ಲಿ ಮೂರು ಅಂತಸ್ತು, ಒಂದು ಅಂತಸ್ತಿನಲ್ಲಿ ನಾಲ್ಕು ಬಾಗಿಲು. ಫೋನು ಮಾಡಿದವರೆಲ್ಲ ಕೊನೆಗೆ ಒಂದೇ ಮಾತು ಹೇಳಿ ಇಡುತ್ತಿದ್ದರು: "ಜನ ಜಾಸ್ತಿ ಆಗ್ಬಿಟ್ರು ಕಣಮ್ಮ." ಆ ಮಾತು ಕೇಳಿದರೆ ದೂರಮ್ಮನಿಗೆ ಮೈ ಉರಿಯುತ್ತಿತ್ತು. ಹಾಗೆಂದ ಒಬ್ಬನೂ ಆ ಜಾಸ್ತಿಯಲ್ಲಿ ತನ್ನನ್ನು ಸೇರಿಸಿಕೊಂಡದ್ದಿಲ್ಲ. ಅವಳ ಮನೆಯಲ್ಲಿ ಎರಡು ಕೋಣೆಗೆ ಎಂಟು ಜನ. ಬಸ್ ಡಿಪೋದಲ್ಲಿ ಟೈರು ಬದಲಿಸುವ ಗಂಡ, ಎಂಬತ್ತರ ಹತ್ತಿರದ ಅತ್ತೆ, ದುಡಿಯುವ ಇಬ್ಬರು ಗಂಡುಮಕ್ಕಳು, ಔಷಧಿ ಅಂಗಡಿಗೆ ಹೋಗುವ ಸೊಸೆ, ಎರಡು ವರ್ಷದ ಅವಳಿ ಮೊಮ್ಮಕ್ಕಳು. ಅವಳಿಗಳಲ್ಲಿ ಯಾವುದನ್ನು ಜಾಸ್ತಿ ಅನ್ನುವುದು?

ಮೂರು ವರ್ಷದ ಹಿಂದೆ ಊರಿನ ತೆಂಕಣ ಬಯಲಿನಲ್ಲಿ ಸೌರ ಹಲಗೆಗಳು ಬಂದವು. ಅಲ್ಲಿ ಮೊದಲು ಸೊಪ್ಪು, ತರಕಾರಿ ಬೆಳೆಯುತ್ತಿದ್ದರು. ಬೆಳೆಯುವವರೆಲ್ಲ ಗೇಣಿಯವರು, ನೆಲದ ಒಡೆಯ ಇನ್ನೆಲ್ಲೋ ಇದ್ದ. ಅವನು ಒಪ್ಪಿದ, ಇವರು ಎದ್ದರು. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಯಾರೋ, "ಇನ್ನು ಈ ಊರಿಗೆ ಕತ್ತಲೆಂಬುದಿಲ್ಲ" ಎಂದರು. ಹಿಂದಿನ ಸಾಲಿನಲ್ಲಿದ್ದ ದೂರಮ್ಮನೂ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆಗಾಗಿ ತನ್ನನ್ನು ತಾನು ಕ್ಷಮಿಸಿಕೊಳ್ಳಲು ಅವಳಿಗೆ ಬಹಳ ದಿನ ಹಿಡಿಯಿತು. ಯಾಕೆಂದರೆ ಸಂಜೆಯ ಕರೆಗಳು ನಲವತ್ತಿದ್ದದ್ದು ನಲವತ್ತೇ ಉಳಿದವು.

ಒಂದು ಮಧ್ಯಾಹ್ನ ಅವಳು ಚಹಾದ ಲೋಟ ಹಿಡಿದು ಮೇಲಿನ ಮಹಡಿಗೆ ಹೋದಳು. ಅಲ್ಲಿ ಕಿರಿಯ ಇಂಜಿನಿಯರು ಪೆನ್ನಿನ ತುದಿ ಕಚ್ಚುತ್ತ ಪರದೆಯ ಮುಂದೆ ಕೂತಿದ್ದ.

"ಹೊರಗೆ ಬಿಸಿಲು ಧಗಧಗ ಅಂತಿದೆ. ಆ ಹಲಗೆಗಳು ಏನ್ ಮಾಡ್ತಿವೆ?"

"ಅರ್ಧ ಬಂದ್ ಮಾಡಿದ್ದೀವಮ್ಮ."

"ಕೆಟ್ಟಿವೆಯಾ?"

"ಇಲ್ಲ, ಚೆನ್ನಾಗಿವೆ. ಈ ಹೊತ್ತಲ್ಲಿ ಅಷ್ಟು ಕರೆಂಟ್ ತಗೊಳ್ಳೋರಿಲ್ಲ."

"ಸಂಜೆ ತಗೊಳ್ಳೋರಿದ್ದಾರಲ್ಲ! ನನ್ನ ಕಿವಿ ಹರಿದು ಹೋಗ್ತಿದೆ."

"ಸಂಜೆ ಬಿಸಿಲಿಲ್ಲ."

ದೂರಮ್ಮ ಲೋಟವನ್ನು ಮೇಜಿನ ಮೇಲೆ ಕುಟ್ಟಿದಳು. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಇದಕ್ಕೆ ಅಷ್ಟು ಜನರನ್ನ ಹೊಲದಿಂದ ಎಬ್ಬಿಸಿದ್ರಾ?"

"ಕೂಡಿಡೋಕೆ ದೊಡ್ಡ ಬ್ಯಾಟರಿ ಬೇಕು. ಕೇಳಿದ್ದೀವಿ, ಬರತ್ತೆ."

ಬರತ್ತೆ ಎಂಬ ಪದವನ್ನು ಇಪ್ಪತ್ನಾಲ್ಕು ವರ್ಷದಿಂದ ಊರಿಗೆಲ್ಲ ಹಂಚಿದವಳು ಅವಳು. ಅದರ ಬೆಲೆ ಅವಳಿಗೆ ಗೊತ್ತಿತ್ತು.

ಅವಳು ಕೆಳಗೆ ಬಂದು ತನ್ನ ಪುಸ್ತಕ ತೆಗೆದಳು. ಫೋನು ಸುಮ್ಮನಿದ್ದ ಮಧ್ಯಾಹ್ನಗಳಲ್ಲೆಲ್ಲ ಹಿಂದಿನ ಪುಟಗಳನ್ನು ತಿರುವಿದಳು. ಒಂಬತ್ತನೆಯ ದಿನಕ್ಕೆ ಒಂದು ವಿಚಿತ್ರ ಕಂಡಿತು. ಹೋದ ವರ್ಷ ಸತತವಾಗಿ ನಾಲ್ಕು ಸಂಜೆ ಒಂದೇ ಒಂದು ಕರೆ ಇರಲಿಲ್ಲ. ಆ ನಾಲ್ಕು ದಿನ ಏನಾಗಿತ್ತು? ತಲೆ ಕೆರೆದುಕೊಂಡಳು. ಆಮೇಲೆ ನೆನಪಾಯಿತು: ಅದು ಊರಿನ ನೀರಿನ ಪಂಪು ಕೆಟ್ಟಿದ್ದ ವಾರ. ಮಗ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ನೀರಿಗೆ ಅಲೆದಿದ್ದ. ಅಂದರೆ, ಎಲ್ಲರೂ ಮನೆಗೆ ಬಂದು ಸ್ವಿಚ್ಚು ಒತ್ತುವ ಅದೇ ಹೊತ್ತಿಗೆ ಊರಿನ ಎರಡು ದೊಡ್ಡ ಪಂಪುಗಳೂ ತಿರುಗಲು ಶುರುಮಾಡುತ್ತಿದ್ದವು. ಅವು ಸಂಜೆಯೇ ಯಾಕೆ ತಿರುಗಬೇಕು? ಅವಳಜ್ಜಿಯ ಕಾಲದಿಂದ ಹಾಗೆ, ಅದಕ್ಕೆ.

ಪಂಪಿನ ಮನೆ ನೋಡಿಕೊಳ್ಳುತ್ತಿದ್ದವನು ಅವಳ ಭಾವ, ಗಂಡನ ಅಣ್ಣ. ಊರಿಗೆ ಅವನು ವಾಲ್ವಣ್ಣ. ಅತ್ತೆ ಯಾರ ಮನೆಯಲ್ಲಿರಬೇಕು ಎಂಬ ಹಳೆಯ ಜಗಳದಿಂದ ಇಬ್ಬರಿಗೂ ಮಾತು ಅಷ್ಟಕ್ಕಷ್ಟೆ. ದೂರಮ್ಮ ಆ ಭಾನುವಾರ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಅಲ್ಲಿಗೆ ನಡೆದಳು. ಎಣ್ಣೆ ವಾಸನೆಯ ಕೋಣೆ. ಗೋಡೆಗೆ ಕೈಯುದ್ದದ ವಾಲ್ವು ಚಾವಿಗಳು. ಭಾವ ಸ್ಟೂಲಿನಿಂದ ಏಳಲಿಲ್ಲ.

"ಮಧ್ಯಾಹ್ನ ನೀರೆತ್ತು ಅಂತೀಯಾ? ಎತ್ತಿ ಎಲ್ಲಿಡ್ಲಿ? ಈ ಟ್ಯಾಂಕ್ ನಲವತ್ತು ನಿಮಿಷಕ್ಕೆ ತುಂಬಿ ಚೆಲ್ಲತ್ತೆ. ನಾಲ್ಕು ಸಾವಿರ ಜನಕ್ಕೆ ಕಟ್ಟಿದ್ದು ಇದು."

"ಹಾಗಾದ್ರೆ ಮಧ್ಯಾಹ್ನವೇ ಕೊಳಾಯಿಗೆ ಬಿಡು."

"ಬಿಡ್ಬಹುದು. ಹಿಡಿಯೋಕೆ ಮನೇಲಿ ಯಾರಿರ್ತಾರೆ?"

"ಯಾರಾದ್ರೂ ಇರ್ತಾರೆ. ಇಷ್ಟು ಜನ ಇದ್ದಾರಲ್ಲ ಊರಲ್ಲಿ!"

ಆ ಮಾತು ಬಾಯಿಂದ ಬಿದ್ದದ್ದು ಅವಳಿಗೆ ಆಗ ಕೇಳಿಸಲಿಲ್ಲ. ಅವಳು ಪುಸ್ತಕ ತೆರೆದು ತೋರಿಸಿದ ಲೆಕ್ಕ ಕಚೇರಿಯ ದೊಡ್ಡ ಸಾಹೇಬರಿಗೆ ಹಿಡಿಸಿತು. ಒಂದು ವಾರ ಪರೀಕ್ಷೆಗೆಂದು ಅಪ್ಪಣೆಯಾಯಿತು. ಸೋಮವಾರದಿಂದ ನೀರು ಹಗಲು ಹನ್ನೆರಡೂವರೆಗೆ.

ಸೋಮವಾರ ಸಂಜೆ ಫೋನು ಬರಲಿಲ್ಲ. ಏಳಾಯಿತು, ಏಳೂವರೆ ಆಯಿತು. ಹಿಡಿಕೆ ಎತ್ತಿ ಕೆಟ್ಟಿದೆಯೇ ಎಂದು ನೋಡಿದಳು. ಇಂಜಿನಿಯರು ಮೆಟ್ಟಿಲಿಳಿದು ಬಂದು, "ಅಮ್ಮ, ತಡ್ಕೊಂಡಿದೆ! ಲೈನು ಭಾರ ತಡ್ಕೊಂಡಿದೆ!" ಎಂದ. ಅವಳಿಗೆ ಖುಷಿಯಾದರೂ ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಮಂಗಳವಾರದಿಂದ ಫೋನು ಮಧ್ಯಾಹ್ನ ಬಡಿದುಕೊಳ್ಳತೊಡಗಿತು.

"ನೀರು ಯಾವಾಗ ಬಿಟ್ರಿ? ನಾನು ಕೆಲಸದಲ್ಲಿದ್ದೆ."

"ಇದು ವಿದ್ಯುತ್ ಕಚೇರಿ."

"ಗೊತ್ತು. ಈ ಐಡಿಯಾ ನಿಮ್ಮದೇ ಅಂತೆ."

ಗುರುವಾರ ಬಂದ ಕರೆ ಪಕ್ಕದ ಮನೆಯವಳದು. ಮಧ್ಯಾಹ್ನ ದೂರಮ್ಮನ ಮನೆಯಲ್ಲಿರುತ್ತಿದ್ದದ್ದು ಅತ್ತೆ ಮತ್ತು ಅವಳಿಗಳು ಮಾತ್ರ. ಎಂಟು ಜನರ ನೀರನ್ನು ನಾಲ್ಕು ದಿನದಿಂದ ಹಿಡಿಯುತ್ತಿದ್ದವಳು ಅತ್ತೆ. ಅಂಗಳದ ಕೊಳಾಯಿಯಿಂದ ಒಳಗೆ ಹದಿನೈದು ಹೆಜ್ಜೆ, ನಡುವೆ ಎರಡು ಮೆಟ್ಟಿಲು. ಹನ್ನೊಂದನೆಯ ಬಕೆಟ್ಟಿಗೆ ಕಾಲು ಜಾರಿ ಬಲಗೈ ಮಣಿಕಟ್ಟು ಮುರಿದಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಸೊಸೆ ಅವಳಿಗಳಲ್ಲೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ದೂರಮ್ಮನನ್ನು ಕಂಡವಳೇ ಸಿಡಿದಳು. "ಊರಿಗೆ ದೀಪ ಹಚ್ಚೋಕೆ ಹೋಗಿ ಮನೆ ಅಜ್ಜಿ ಕೈ ಮುರಿದ್ರಿ. ನಿಮ್ಮ ಪುಸ್ತಕದಲ್ಲಿ ಇದನ್ನೂ ಬರ್ಕೊಳ್ಳಿ."

ದೂರಮ್ಮ ಬಾಗಿಲು ತಳ್ಳಿಕೊಂಡು ಹೋದಳು. ಒಳಗೆ ಪ್ಲಾಸ್ಟರು ಹಾಕಿಸಿಕೊಂಡ ಅತ್ತೆ, "ಬಕೆಟ್ ಒಡೀಲಿಲ್ಲ ತಾನೆ?" ಎಂದು ಕೇಳಿದಳು. ದೂರಮ್ಮ ಗೋಡೆಯ ಕಡೆ ತಿರುಗಿ ನಿಂತು ಕಣ್ಣೊರೆಸಿಕೊಂಡಳು.

ಮರುದಿನ ಅವಳು ನೇರ ಪಂಪಿನ ಮನೆಗೆ ಹೋದಳು. "ಸಾಕು. ಮೊದಲಿನ ಹಾಗೆ ಸಂಜೆನೇ ಬಿಡು."

ಭಾವ ಈ ಸಲ ಸ್ಟೂಲು ಬಿಟ್ಟುಕೊಟ್ಟ. ಮುರಿದದ್ದು ಅವನ ತಾಯಿಯ ಕೈ. "ಬೈಯೋಣ ಅಂತ ಕಾಯ್ತಿದ್ದೆ" ಎಂದ. "ಆದ್ರೆ ನೀನು ಹೇಳಿದ್ದರಲ್ಲಿ ಹುರುಳಿದೆ. ಹಗಲು ಎತ್ತಬೇಕು, ಸಂಜೆ ಬಿಡಬೇಕು. ಮೇಲಿಂದ ತಾನೇ ಇಳಿಯೋ ನೀರಿಗೆ ಕರೆಂಟ್ ಬೇಡ. ಅದಕ್ಕೆ ದೊಡ್ಡ ಟ್ಯಾಂಕ್ ಬೇಕು. ಮಾರ್ಕೆಟ್ ಹಿಂದಿನ ಹಳೇ ಟ್ಯಾಂಕ್ ಇದೆಯಲ್ಲ? ಇದರ ಮೂರರಷ್ಟು ಹಿಡಿಯತ್ತೆ. ಬಿರುಕು ಮುಚ್ಚಿದ್ರೆ ಆಯ್ತು."

"ಅದರ ಕೆಳಗೆ ಜನ ಇದ್ದಾರೆ."

"ಆರು ಸಂಸಾರ" ಎಂದು ಭಾವ ನಿಟ್ಟುಸಿರಿಟ್ಟ.

ಸಾಹೇಬರಿಗೆ ಸುದ್ದಿ ಮುಟ್ಟಿದ ಎರಡೇ ದಿನಕ್ಕೆ ಏಳು ದಿನದಲ್ಲಿ ಜಾಗ ಬಿಡಬೇಕೆಂಬ ಕಾಗದ ತಯಾರಾಯಿತು. ಅದನ್ನು ಕೊಟ್ಟು ಬರಲು ಯಾರೂ ಮುಂದಾಗಲಿಲ್ಲ. "ನಿಮ್ಮದೇ ಐಡಿಯಾ ತಾನೆ" ಎಂದು ದೂರಮ್ಮನ ಕೈಗೇ ಕೊಟ್ಟರು.

ಟ್ಯಾಂಕಿನ ಹನ್ನೆರಡು ಕಂಬಗಳ ನಡುವೆ ತಗಡು, ಹಲಗೆ, ಹಳೆಯ ಬೋರ್ಡುಗಳ ಗೋಡೆ ಎದ್ದಿದ್ದವು. ನೆಲ ಗುಡಿಸಿ ಚೊಕ್ಕಟವಾಗಿತ್ತು. ಮೊದಲ ಬಾಗಿಲು ತೆರೆದವಳನ್ನು ಕಂಡು ದೂರಮ್ಮ ತಬ್ಬಿಬ್ಬಾದಳು. ಅವಳು ತೆಂಕಣ ಬಯಲಿನ ಸೊಪ್ಪಿನಾಕೆ. ಹತ್ತು ವರ್ಷ ದಿನಾ ಬೆಳಗ್ಗೆ ದೂರಮ್ಮನ ಬಾಗಿಲಿಗೆ ಸೊಪ್ಪು ತಂದವಳು, ಮೂರು ವರ್ಷದಿಂದ ಕಂಡಿರಲಿಲ್ಲ.

ಸೊಪ್ಪಿನಾಕೆ ಕಾಗದವನ್ನು ಓದಿಸಿ ಕೇಳಿದಳು. "ಹೊಲಕ್ಕೆ ಹಲಗೆ ಹಾಕ್ಬೇಕು, ಏಳು ಅಂದ್ರು. ಎದ್ವಿ. ಈಗ ಹಲಗೆ ಕರೆಂಟ್‌ಗೆ ಟ್ಯಾಂಕ್ ಬೇಕು, ಏಳು ಅಂತೀರಿ. ಏಳ್ತೀವಿ ಅಂತಿಟ್ಕೊಳ್ಳಿ, ಅಕ್ಕ. ಎಲ್ಲಿ ಕೂರೋದು ಅಂತ ಇದರಲ್ಲಿ ಬರೆದಿದ್ದಾರಾ?"

ಬರೆದಿರಲಿಲ್ಲ. ದೂರಮ್ಮ ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದಳು.

ಅವಳು ಕಚೇರಿಗೆ ವಾಪಸು ಬಂದಾಗ ತಲೆ ಸಿಡಿಯುತ್ತಿತ್ತು. ಅಂಗಳದಲ್ಲಿ ಉದ್ದನೆಯ ಗೋದಾಮು. ಗಟ್ಟಿ ಗೋಡೆ, ಒಳ್ಳೆಯ ಸೂರು, ಎಂಟು ಕಿಟಕಿ. ಅದರೊಳಗೆ ಹದಿನೈದು ವರ್ಷದಿಂದ ಕೆಟ್ಟ ಮೀಟರುಗಳು ಗುಡ್ಡೆ ಬಿದ್ದಿದ್ದವು. ಅವಳು ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಬಾಗಿಲು ತಟ್ಟದೆ ಸಾಹೇಬರ ಕೋಣೆಗೆ ನುಗ್ಗಿದಳು.

"ಕೆಟ್ಟ ಮೀಟರ್‌ಗೆ ಗೋಡೆ ಸೂರು ಯಾಕೆ ಸಾರ್? ಅವಕ್ಕೆ ನೆಗಡಿ ಆಗತ್ತಾ?"

ಸಾಹೇಬರು ನಿಯಮ ಹೇಳಿದರು. ಅವಳು ಮರುದಿನ ಮತ್ತೆ ಹೋದಳು, ಅದರ ಮರುದಿನವೂ ಹೋದಳು. ಸಾಹೇಬರ ಮನೆಗೆ ಭಾವನನ್ನು ಕಳಿಸಿದಳು. ಆರನೆಯ ದಿನ ಅವರು ಕೈಮುಗಿದು, "ರಿಪೇರಿ ಮುಗಿಯೋವರೆಗೆ ಮಾತ್ರ, ಮಾರಾಯ್ತಿ. ಇನ್ನು ನನ್ನ ಬಿಟ್ಬಿಡು" ಎಂದು ಸಹಿ ಹಾಕಿದರು.

ಆರು ಸಂಸಾರ ಗೋದಾಮಿಗೆ ಬಂದವು. ಟ್ಯಾಂಕಿನ ರಿಪೇರಿ ಎರಡು ತಿಂಗಳು ನಡೆಯಿತು. ಮುಗಿದ ಮೇಲೆ, ತುಂಬಿದ ಟ್ಯಾಂಕಿನ ಕೆಳಗೆ ಜನ ವಾಸಿಸುವುದು ಅಪಾಯ, ಬಿಡಕೂಡದು ಎಂದು ಸುರಕ್ಷತಾ ವಿಭಾಗದವರು ಬರೆದರು. ಹಾಗಾಗಿ ಸಂಸಾರಗಳು ಗೋದಾಮಿನಲ್ಲೇ ಉಳಿದವು. ಅಲ್ಲಿಯವರೆಗೆ ಅಂಗಳಕ್ಕೆ ಸರಿಸಿಟ್ಟಿದ್ದ ಕೆಟ್ಟ ಮೀಟರುಗಳನ್ನು ಲಾರಿಗೆ ಹೇರಿ ಟ್ಯಾಂಕಿನ ಕಂಬಗಳ ನಡುವೆ ಟಾರ್ಪಾಲಿನ ಕೆಳಗೆ ಒಟ್ಟಿದರು. ಈ ಊರಿನ ಆಡಳಿತದಲ್ಲಿ ಯಾರೂ ಯೋಜಿಸದೆ ಆದ ಒಂದೇ ಒಳ್ಳೆಯ ಕೆಲಸ ಅದು ಎಂದು ದೂರಮ್ಮ ಇಂದಿಗೂ ಹೇಳುತ್ತಾಳೆ.

ಈಗ ನೀರು ಬಿಸಿಲಿನ ಕರೆಂಟಿನಲ್ಲಿ ಮೇಲೇರುತ್ತದೆ, ಸಂಜೆ ತಾನಾಗಿ ಇಳಿಯುತ್ತದೆ. ಸಂಜೆಯ ಕರೆಗಳು ಹನ್ನೊಂದಕ್ಕೆ ಇಳಿದಿದ್ದವು. ಈ ವರ್ಷ ಮಾರ್ಕೆಟ್ ಪಕ್ಕ ಎರಡು ಹೊಸ ವಸತಿ ಕಟ್ಟಡ ಎದ್ದ ಮೇಲೆ ಮತ್ತೆ ಹತ್ತೊಂಬತ್ತಾಗಿವೆ. ಬ್ಯಾಟರಿ ಇನ್ನೂ ಬಂದಿಲ್ಲ. ಅತ್ತೆಯ ಮಣಿಕಟ್ಟು ಕೂಡಿತು, ಸೊಟ್ಟಗೆ. ಈಗಲೂ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾಳೆ. ಭಾವ ವಾರಕ್ಕೆರಡು ಸಲ ಬಂದು ತಾಯಿಯ ಕೈಗೆ ಎಣ್ಣೆ ತಿಕ್ಕುತ್ತಾನೆ, ಬಂದಾಗಲೆಲ್ಲ ದೂರಮ್ಮನ ಜೊತೆ ಯಾವುದಾದರೂ ವಿಷಯಕ್ಕೆ ಜಗಳವಾಡಿ ಹೋಗುತ್ತಾನೆ. ಸೊಸೆ ಆಸ್ಪತ್ರೆಯ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ದೂರಮ್ಮ ಕೇಳಿಯೂ ಇಲ್ಲ.

ಹೋದ ತಿಂಗಳು ಗೋದಾಮಿನಲ್ಲಿ ಸೊಪ್ಪಿನಾಕೆಯ ಮಗಳಿಗೆ ಹೆರಿಗೆಯಾಯಿತು. ನೋಡಲು ಹೋದ ದೂರಮ್ಮನಿಗೆ ಕಂಡದ್ದು ಕೂಸಿನ ಪಕ್ಕ ಉರಿಯುತ್ತಿದ್ದ ಎಣ್ಣೆ ದೀಪ. ವಿದ್ಯುತ್ ಕಚೇರಿಯ ಅಂಗಳ, ತಲೆಯ ಮೇಲೆಯೇ ತಂತಿ, ಆದರೆ ಗೋದಾಮಿಗೆ ಮನೆಯ ಸಂಪರ್ಕ ಕೊಡಲು ನಿಯಮವಿಲ್ಲವಂತೆ. ಅವಳು ಆಗಿಂದಾಗಲೇ ಅರ್ಜಿ ಬರೆದಳು. ವಾಪಸು ಬಂತು. ಇನ್ನೊಮ್ಮೆ ಬರೆದಳು. ಸಂಪರ್ಕ ಬೇಡಲು ಕಾರಣ ಸ್ಪಷ್ಟವಾಗಿಲ್ಲ ಎಂದು ಮತ್ತೆ ವಾಪಸು ಬಂತು. ಮೂರನೆಯ ಸಲ ಕಾರಣದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ, "ಒಳಗೆ ಇಪ್ಪತ್ತೇಳು ಜನ ಇದ್ದಾರೆ, ಕೂಸು ಸೇರಿ ಇಪ್ಪತ್ತೆಂಟು" ಎಂದು ಬರೆದು, ತಾನೇ ಮೇಲಿನ ಮಹಡಿಗೆ ಹೋಗಿ ಸಾಹೇಬರ ಮುಂದಿಟ್ಟು, ಅವರು ಪೆನ್ನು ತೆಗೆಯುವವರೆಗೂ ಅಲ್ಲಿಯೇ ನಿಂತಳು.