ಸಾಬೂನಿನ ದವಡೆಹಲ್ಲು

ಹಲ್ಲಕ್ಕನ ಬಿಳಿ ಕೋಟನ್ನು ಅವಳ ಅಮ್ಮ ಒಂದು ದಿನವೂ ಬೇರೆ ಬಟ್ಟೆಗಳ ಜೊತೆ ನೆನೆಹಾಕಿದವಳಲ್ಲ. ಹಲ್ಲು ಕಳೆದುಕೊಂಡವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಮಗಳಿಗೆ ಕೆಲಸ. ಅಚ್ಚು ಹೊಯ್ಯುವ ಪ್ಲಾಸ್ಟರ್ ಪುಡಿ ಮೊಣಕೈಯಿಂದ ಕಾಲರಿನವರೆಗೂ ಮೆತ್ತಿಕೊಂಡು ಮನೆಗೆ ಬರುತ್ತಿತ್ತು. "ಇದೇನು ಹಲ್ಲಿನ ಕೆಲಸವೋ, ಗೋಡೆಗೆ ಸುಣ್ಣ ಬಳಿಯೋ ಕೆಲಸವೋ!" ಎಂದು ಎಂಟು ವರ್ಷ ದಿನಾ ಸಂಜೆ ಗೊಣಗುತ್ತಲೇ ಅಮ್ಮ ಆ ಕೋಟನ್ನು ಹಿತ್ತಿಲಲ್ಲಿ ಕೊಡವಿ, ಬೇರೆ ಬಕೆಟ್ಟಿನಲ್ಲಿ ಒಗೆದಳು. ಹಲ್ಲಕ್ಕ ಎಂಬುದು ಓಣಿಯ ಮಕ್ಕಳಿಟ್ಟ ಹೆಸರು. ಬರಬರುತ್ತಾ ಸ್ವಂತ ಸೋದರಮಾವನೇ ಹಾಗೆ ಕರೆಯತೊಡಗಿದ್ದ.

ಮೂವತ್ತು ತುಂಬುವುದರೊಳಗೆ ಒಮ್ಮೆ ಹೊರದೇಶದ ಲ್ಯಾಬಿನಲ್ಲಿ ಕೂತು ಅಲ್ಲಿಯವರ ಕೈಚಳಕ ನೋಡಬೇಕು ಎಂಬುದು ಅವಳ ಆಸೆ. ಅದಕ್ಕೆ ಸಿಕ್ಕ ದಾರಿ ವರ್ಕಿಂಗ್ ಹಾಲಿಡೇ ವೀಸಾ. ಒಂದು ವರ್ಷ ಇರಬಹುದು, ತಿರುಗಾಡಬಹುದು, ದುಡಿಯಬಹುದು, ಆದರೆ ಒಬ್ಬರ ಹತ್ತಿರ ಆರು ತಿಂಗಳ ಮೇಲೆ ಕೆಲಸ ಮಾಡುವಂತಿಲ್ಲ. ಸುದ್ದಿ ಕೇಳಿ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ರಜೆ ವೀಸಾದವಳ ಕೈಗೆ ಯಾರಮ್ಮ ಬಾಯಿ ಒಪ್ಪಿಸ್ತಾರೆ? ಹೋಟೆಲಲ್ಲಿ ಹಾಸಿಗೆ ಹಾಸಬೇಕಾಗುತ್ತೆ, ನೋಡ್ತಿರು."

ಅಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಹೇಳಿದಳು: "ನನ್ನ ಮಗಳು ಹಲ್ಲು ಕಟ್ಟೋಳು. ಎಲ್ಲಿಗೆ ಹೋದ್ರೂ ಹಲ್ಲೇ ಕಟ್ತಾಳೆ."

ಆ ಒಂದು ಮಾತೇ ಆಮೇಲೆ ಹಲ್ಲಕ್ಕನ ಕೊರಳಿಗೆ ಸುತ್ತಿಕೊಂಡಿತು. ಏಕೆಂದರೆ ಮಾವ ಹೇಳಿದ್ದು ಅಕ್ಷರಶಃ ನಿಜವಾಯಿತು. ಹೋದ ಊರಿನಲ್ಲಿ ಅವಳು ಹದಿನಾಲ್ಕು ಲ್ಯಾಬುಗಳ ಮೆಟ್ಟಿಲು ಹತ್ತಿ ಇಳಿದಳು. ಎಲ್ಲರೂ ನಗುನಗುತ್ತಾ ಮಾತಾಡಿಸಿದರು, ಕಾಗದಗಳನ್ನು ತಿರುವಿ ಹಾಕಿದರು, ಕೊನೆಗೆ ಒಂದೇ ರಾಗ ಎಳೆದರು. "ಆರು ತಿಂಗಳಾ? ನಮ್ಮ ಪದ್ಧತಿ ಕಲಿಸೋದಕ್ಕೇ ಮೂರು ತಿಂಗಳು ಬೇಕಲ್ಲ." ಹೊಟ್ಟೆಪಾಡು ಕೇಳಬೇಕಲ್ಲ, ನಲವತ್ತು ಕೋಣೆಗಳ ಒಂದು ಹೋಟೆಲಿನಲ್ಲಿ ಹಾಸಿಗೆ ಹಾಸಿ ಬಚ್ಚಲು ಉಜ್ಜುವ ಕೆಲಸ ಹಿಡಿದಳು. ಅಮ್ಮನಿಗೆ ಮಾತ್ರ "ಲ್ಯಾಬಲ್ಲಿ ಕೆಲಸ ಸಿಕ್ತಮ್ಮ" ಎಂದು ಹಸಿ ಸುಳ್ಳು ಹೇಳಿದಳು.

ಸುಳ್ಳು ಹೇಳಿದ ಮೇಲೆ ಅದಕ್ಕೆ ಬಟ್ಟೆಯನ್ನೂ ತೊಡಿಸಬೇಕು. ಪ್ರತಿ ಭಾನುವಾರ ಬೆಳಿಗ್ಗೆ ಪೆಟ್ಟಿಗೆಯಿಂದ ಬಿಳಿ ಕೋಟು ತೆಗೆದು ತೊಟ್ಟು, ಕಾಲರ್ ಸರಿಮಾಡಿಕೊಂಡು ಅಮ್ಮನಿಗೆ ವಿಡಿಯೋ ಕಾಲ್ ಮಾಡುವಳು. ಭಾನುವಾರವೂ ಡ್ಯೂಟಿ ಎಂದು ಬೇರೆ ಹೇಳಿಟ್ಟಿದ್ದಳು. ಅಮ್ಮ ಕಣ್ಣು ಕಿರಿದು ಮಾಡಿ ನೋಡುವಳು. "ಕೋಟು ಒಳ್ಳೇ ಫಳಫಳ ಅಂತಿದೆ ಕಣೇ."

"ಇಲ್ಲಿ ವಾಷಿಂಗ್ ಮಷಿನ್ ಚೆನ್ನಾಗಿದೆ ಅಮ್ಮ."

"ಹೂಂ. ಇರಲಿ ಬಿಡು," ಎಂದು ಅಮ್ಮ ಮಾತನ್ನು ಬೇರೆ ಕಡೆ ತಿರುಗಿಸುವಳು.

ಹೀಗೆ ಐದು ತಿಂಗಳು ಜಾರಿಹೋದವು. ಇನ್ನೊಂದು ತಿಂಗಳೊಳಗೆ ಲ್ಯಾಬು ಸಿಗದಿದ್ದರೆ ವೀಸಾದಲ್ಲಿ ಆ ಆರು ತಿಂಗಳೂ ಪೂರ್ತಿ ಉಳಿಯುವುದಿಲ್ಲ. ಅರ್ಧಂಬರ್ಧ ಅವಧಿಗೆ ಅವಳನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಅದಕ್ಕಿಂತ ದೊಡ್ಡ ಭಯ ಬೆರಳುಗಳದ್ದು. ವರ್ಷಪೂರ್ತಿ ಹೊದಿಕೆ ಮಡಿಸಿದ ಬೆರಳು ಹಲ್ಲಿನ ಏರಿಳಿತ ಮರೆತುಬಿಟ್ಟರೆ, ವಾಪಸು ಹೋಗಿ ಯಾವ ಮುಖ ಇಟ್ಟುಕೊಂಡು ಲ್ಯಾಬಿನ ಬೆಂಚಿಗೆ ಕೂರುವುದು?

ಅದಕ್ಕೇ ಅವಳೊಂದು ಉಪಾಯ ಹೂಡಿದ್ದಳು. ಈ ಕೆಲಸ ಕಲಿಯುವಾಗ ಮೊದಲ ಪಾಠ ಸಾಬೂನಿನಲ್ಲಿ ಹಲ್ಲು ಕೆತ್ತುವುದು. ಹೋಟೆಲಿನಲ್ಲಿ ಸಾಬೂನಿಗೇನು ಬರ! ಅತಿಥಿಗಳು ಒಂದು ಸಲ ಕೈತೊಳೆದು ಬಿಟ್ಟುಹೋದವನ್ನು ಆರಿಸಿಕೊಂಡು, ಊಟದ ಬಿಡುವಿನಲ್ಲಿ ಬಟ್ಟೆ ಜೋಡಿಸುವ ಕೋಣೆಯಲ್ಲಿ ಕೂತು, ಊರಿಂದ ತಂದ ಸಣ್ಣ ಚಾಕುವಿನಿಂದ ಕೆತ್ತುವಳು. ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು. ಚೆನ್ನಾಗಿ ಬಂದದ್ದು ಮುರಿಯದಿರಲೆಂದು ಸಾಬೂನಿನ ಹೊಸ ಕಾಗದದಲ್ಲೇ ಸುತ್ತಿ, ಏಪ್ರನ್ನಿನ ಎಡಜೇಬಿಗೆ ಇಳಿಬಿಡುವಳು. ಕೋಣೆಗಳಿಗೆ ಇಡಬೇಕಾದ ಹೊಸ ಸಾಬೂನು ಬಲಜೇಬಿಗೆ.

ಎಡ ಬಲ ಎಷ್ಟು ದಿನ ನೆಟ್ಟಗಿದ್ದೀತು? ಒಂದು ಮಂಗಳವಾರ ಮೂರನೇ ಮಹಡಿಯ ಅತಿಥಿ ಸ್ನಾನಕ್ಕೆಂದು ಸಾಬೂನಿನ ಕಾಗದ ಬಿಚ್ಚಿದರೆ ಒಳಗೆ ಹೆಬ್ಬೆಟ್ಟು ಗಾತ್ರದ ದವಡೆಹಲ್ಲು, ಬೇರು ಸಮೇತ! ಆತ ಟವೆಲ್ ಸುತ್ತಿಕೊಂಡೇ ಕಾರಿಡಾರಿಗೆ ಓಡಿಬಂದನಂತೆ.

ಹೋಟೆಲಿನ ಮ್ಯಾನೇಜರ್ ಐವತ್ತೈದು ದಾಟಿದ ಹೆಂಗಸು. ಸೊಂಟದಲ್ಲಿ ಸದಾ ಬೀಗದಕೈ ಗೊಂಚಲು, ಮಾತಾಡುವಾಗ ಬಾಯಿಗೆ ಅಡ್ಡ ಕೈ. ಹಲ್ಲಕ್ಕನನ್ನು ಕರೆಸಿ, ಮೇಜಿನ ಮೇಲೆ ಆ ಹಲ್ಲನ್ನಿಟ್ಟು ಕೇಳಿದಳು: "ಏನಿದು?"

"ಮೇಲ್ದವಡೆಯ ಎಡಗಡೆ ಮೊದಲನೇ ದವಡೆಹಲ್ಲು ಮೇಡಂ," ಎಂದಳು ಹಲ್ಲಕ್ಕ. ಕೇಳಿದ್ದು ಅದಲ್ಲ ಎಂದು ಹೊಳೆಯುವಷ್ಟರಲ್ಲಿ ಮಾತು ಬಾಯಿಂದ ಹೊರಬಿದ್ದಾಗಿತ್ತು.

ಮ್ಯಾನೇಜರ್ ಹುಬ್ಬು ಮೇಲೇರಿತು. ಹಲ್ಲಕ್ಕ ಇನ್ನೇನು, ಇದ್ದ ಕೆಲಸವೂ ಹೋಯಿತು ಎಂದುಕೊಂಡು ಎಲ್ಲವನ್ನೂ ಒದರಿಬಿಟ್ಟಳು. ಎಂಟು ವರ್ಷದ ಕಸುಬು, ಹದಿನಾಲ್ಕು ಲ್ಯಾಬು, ಅಮ್ಮನಿಗೆ ಹೇಳಿದ ಸುಳ್ಳು, ಭಾನುವಾರದ ಕೋಟು. ಹೇಳುತ್ತಾ ಹೇಳುತ್ತಾ ಧೈರ್ಯ ಬಂತೋ, ಹೇಗೂ ಹೋಗುವವಳಲ್ಲವೇ ಎಂಬ ಮೊಂಡುತನವೋ, ಕೊನೆಗೆ ಇದನ್ನೂ ಸೇರಿಸಿದಳು: "ತಪ್ಪು ತಿಳೀಬೇಡಿ ಮೇಡಂ. ನಿಮ್ಮ ಹಲ್ಲಿನ ಸೆಟ್ಟು ಎಡಗಡೆ ಒಂದು ಕೂದಲಷ್ಟು ಎತ್ತರ ಇದೆ. ಅದಕ್ಕೇ ಮಾತಾಡುವಾಗ ಟಕ್ ಟಕ್ ಅನ್ನುತ್ತೆ. ನಾನು ಬಂದ ಮೊದಲ ದಿನವೇ ಕೇಳಿಸಿಕೊಂಡೆ."

ಮ್ಯಾನೇಜರ್ ಬಾಯಿಗೆ ಅಡ್ಡ ಹಿಡಿದ ಕೈಯನ್ನು ನಿಧಾನವಾಗಿ ಕೆಳಗಿಳಿಸಿದಳು. "ಮೂರು ವರ್ಷದಿಂದ ಸೇಬು ಕಚ್ಚಿಲ್ಲ," ಎಂದಳು. ಆಮೇಲೆ ಆ ಸಾಬೂನಿನ ಹಲ್ಲನ್ನು ಕಾಗದದಲ್ಲಿ ಸುತ್ತಿ ತನ್ನ ಕೈಚೀಲಕ್ಕೆ ಹಾಕಿಕೊಂಡು, "ನಡಿ, ನನ್ನ ಹಲ್ಲು ಮಾಡಿದ ಮಹಾರಾಯನ ಹತ್ತಿರ ಹೋಗೋಣ," ಎಂದು ಎದ್ದಳು.

ಆ ಮಹಾರಾಯನ ಲ್ಯಾಬು ಒಂದು ಸೈಕಲ್ ಅಂಗಡಿಯ ಹಿಂದೆ ಇತ್ತು. ಬೋರ್ಡಿಲ್ಲ, ಹಾಗಾಗಿ ಹಲ್ಲಕ್ಕನ ಹದಿನಾಲ್ಕರಲ್ಲಿ ಅದು ಸೇರಿರಲಿಲ್ಲ. ಬೆಂಚಿನ ಹಿಂದೆ ದಪ್ಪ ಕನ್ನಡಕದ ಮುದುಕ. ಸಾಬೂನಿನ ಹಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ನಾಲ್ಕು ಉಬ್ಬು, ಒಳಪಕ್ಕದಲ್ಲಿ ಸಾಸಿವೆಯಷ್ಟು ಐದನೆಯದು. "ಇದನ್ನ ಈಗಿನವರು ಕೆತ್ತೋದೇ ಇಲ್ಲ," ಎಂದು ತನಗೆ ತಾನೇ ಹೇಳಿಕೊಂಡು, ಅವಳ ಮುಂದೆ ಒಂದು ತುಂಡು ಮೇಣ ತಳ್ಳಿದ. ಹಲ್ಲಕ್ಕ ನಿಂತುಕೊಂಡೇ ಕೆತ್ತಿದಳು. ಬೆರಳು ಮರೆತಿರಲಿಲ್ಲ! ಒಂದೊಂದು ಉಬ್ಬು ಮೇಲೇಳುತ್ತಿದ್ದಂತೆ ಅವಳಿಗೆ ಆನಂದದಿಂದ ಕಣ್ಣು ಮಂಜಾಯಿತು.

"ಆರೇ ತಿಂಗಳು ಸಾರ್," ಎಂದಳು, ಅವನು ಹೇಳುವ ಮೊದಲೇ.

ಮುದುಕ ಕನ್ನಡಕ ಒರೆಸಿಕೊಂಡ. "ನನಗೆ ಎಪ್ಪತ್ತಾರು. ನಾನೂ ಆರು ತಿಂಗಳಿನದೇ ಲೆಕ್ಕ ಹಾಕೋದು. ನಾಳೆ ಎಂಟಕ್ಕೆ ಬಾ. ಮೊದಲು ಈ ಅಮ್ಮನ ಎಡಗಡೆ ಸರಿಮಾಡು, ನನ್ನ ಮಾನ ಉಳಿಸು."

ನಾಲ್ಕೇ ದಿನದಲ್ಲಿ ಆ ಸೆಟ್ಟು ಸರಿಯಾಯಿತು. ಶನಿವಾರ ಮ್ಯಾನೇಜರ್ ಲ್ಯಾಬಿನ ಬಾಗಿಲಲ್ಲೇ ನಿಂತು, ಚೀಲದಿಂದ ಸೇಬು ತೆಗೆದು ಕರ್ ಎಂದು ಕಚ್ಚಿದಳು. ಅಭ್ಯಾಸಬಲದಿಂದ ಮೇಲೆದ್ದ ಕೈ ಗಲ್ಲದ ಹತ್ತಿರ ಬಂದು ನಿಂತಿತು. ಮತ್ತೆ ಕೆಳಗಿಳಿಯಿತು. ಆಮೇಲೆ ಅವಳು ನಕ್ಕ ನಗು ಸೈಕಲ್ ಅಂಗಡಿಯವರೆಗೂ ಕೇಳಿಸಿತು.

ಮರುದಿನ ಭಾನುವಾರ. ಹಲ್ಲಕ್ಕ ಎಂದಿನಂತೆ ಕೋಟು ತೊಟ್ಟು ಅಮ್ಮನಿಗೆ ಕಾಲ್ ಮಾಡಿದಳು. ಅಮ್ಮ ಏನೋ ಹೇಳಲು ಬಾಯಿ ತೆರೆದವಳು ಫೋನನ್ನು ಮುಖಕ್ಕೆ ಹತ್ತಿರ ಹಿಡಿದಳು.

"ಮೊಣಕೈ ತೋರಿಸೇ."

ತೋರಿಸಿದಳು. ಪ್ಲಾಸ್ಟರ್ ಪುಡಿ ದಪ್ಪಗೆ ಮೆತ್ತಿತ್ತು.

"ಇನ್ನೊಂದು."

ಅದನ್ನೂ ತೋರಿಸಿದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಂತೂ ಕೆಲಸ ಸಿಕ್ತಾ ಮಗಳೇ?"

"ಅಮ್ಮ... ನಿಂಗೆ ಗೊತ್ತಿತ್ತಾ?"

"ಎಂಟು ವರ್ಷ ಆ ಕೋಟು ಒಗೆದಿದ್ದು ಯಾರು? ಅಷ್ಟು ಬೆಳ್ಳಗಿರೋ ಕೋಟು ಹಾಕ್ಕೊಂಡು ಯಾರೇ ಹಲ್ಲು ಕಟ್ತಾರೆ? ನಿಮ್ಮ ಮಾವ ಕೇಳಿದಾಗಲೆಲ್ಲ ನಾನೂ ಹೇಳ್ತಿದ್ದೆ, ಲ್ಯಾಬಲ್ಲೇ ಇದ್ದಾಳೆ, ಪುರುಸೊತ್ತೇ ಇಲ್ಲ ಅಂತ." ಅಮ್ಮ ಮೂಗೆಳೆದುಕೊಂಡಳು. ಆಮೇಲೆ ದನಿ ಹಳೆಯ ಗೊಣಗಾಟಕ್ಕೆ ತಿರುಗಿತು. "ಅದನ್ನ ಬೇರೆ ಬಟ್ಟೆ ಜೊತೆ ಮಷಿನ್ನಿಗೆ ಹಾಕಿಬಿಟ್ಟೀಯ ಮತ್ತೆ. ಮೊದಲು ಹೊರಗೆ ಹೋಗಿ ಕೊಡವು."