ಡ್ರೈವಿಂಗ್ ಟೀಚರಮ್ಮನ ಪೇಜು

ತಮಿಳುನಾಡಿನ ಗಡಿಯೂರು ಹೊಸೂರಿನಲ್ಲಿ ಹೆಂಗಸರಿಗೆ ಕಾರು ಕಲಿಸುವ ಮಂಗಳಾ ಎಂದರೆ ಈಗ ಬಹಳ ಜನಕ್ಕೆ ಗೊತ್ತು. ಹಾಗೆ ಗೊತ್ತಾಗುವುದಕ್ಕೆ ಮುಂಚೆ ಅವಳು ಪಟ್ಟ ಪಾಡು ಒಂದೆರಡಲ್ಲ. ಅದರಲ್ಲಿ ಮುಕ್ಕಾಲು ಪಾಲು ಅವಳೇ ತಂದುಕೊಂಡದ್ದು.

ಮಂಗಳಾ ಕೋಲಾರದ ಕಡೆಯವಳು. ಗಂಡ ರಘುನಾಥನಿಗೆ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದಾಗ ಇಬ್ಬರೂ ಅಲ್ಲಿನ ಜೂಜುವಾಡಿಗೆ ಬಂದು ಮನೆ ಹಿಡಿದರು. ಕೆಲವು ವರ್ಷ ಬೇರೆಯವರ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿ, ಆಮೇಲೆ ಮಂಗಳಾ ತನ್ನದೇ ಸ್ಕೂಲು ಶುರುಮಾಡಿದಳು. ಕಲಿಸುವುದರಲ್ಲಿ ಎತ್ತಿದ ಕೈ. ಕನ್ನಡದವರಿಗೆ ಕನ್ನಡ, ತಮಿಳಿನವರಿಗೆ ತಮಿಳು, ತೆಲುಗಿನವರಿಗೆ ತೆಲುಗು. ಎದುರಿಗೆ ಲಾರಿ ಬಂದರೆ ಮೂರೂ ಒಟ್ಟಿಗೆ. ಆದರೆ ಕಲಿಯಲು ಬರುವವರೇ ಇಲ್ಲ. ಪಕ್ಕದ ಬೀದಿಯವರಿಗೂ ಅವಳ ವಿಷಯ ತಿಳಿದಿರಲಿಲ್ಲ.

ಆನ್‌ಲೈನ್‌ನಲ್ಲಿ ಹೆಸರು ಮಾಡಿದರೆ ಜನ ತಾವಾಗಿ ಬರುತ್ತಾರೆ ಎಂದು ಯಾರೋ ಹೇಳಿದರು. ಮಂಗಳಾ ಅಂದೇ ಸಂಜೆ ಪೇಜು ತೆರೆದಳು. ಹೆಸರು 'ಸ್ಪೀಡ್ ಮಂಗಳಾ'.

ರಘುನಾಥ್ ಊಟಕ್ಕೆ ಕೂತವನು ನಕ್ಕುಬಿಟ್ಟ. "ಅಲ್ವೇ, ಸ್ಪೀಡು ಅಂತ ಹೆಸ್ರು ಮಡಿಕಂಡು ಡ್ರೈವಿಂಗ್ ಕಲಿಸ್ತೀನಿ ಅಂದ್ರೆ ಯಾವ ಗಂಡ ಹೆಂಡ್ತೀನ ಕಳಿಸ್ತಾನೆ?"

ಮಾತು ಸರಿ ಅನ್ನಿಸಿತು. ಮರುವಾರ ಪೇಜು 'ರೋಡ್ ಕ್ವೀನ್' ಆಯಿತು, ತಿಂಗಳೊಳಗೆ 'ಸ್ಟೀರಿಂಗ್ ಸಿಸ್ಟರ್' ಆಯಿತು. ಮೊದಲ ಹೆಸರಿನಲ್ಲಿ ನೋಡಿದವರು ಹುಡುಕಿದರೆ ಸಿಗದೆ ಸುಮ್ಮನಾದರು. ಬೆಂಗಳೂರಿನವಳೊಬ್ಬಳು ವಿಡಿಯೊದಲ್ಲಿ ಮಾತಾಡುವ ಧಾಟಿ ಮಂಗಳಾಗೆ ಹಿಡಿಸಿತ್ತು. ಇವಳೂ ಕೂಲಿಂಗ್ ಗ್ಲಾಸ್ ಹಾಕಿ, ಕತ್ತು ಓರೆ ಮಾಡಿ, "ಹಾಯ್ ಗೈಸ್" ಎಂದು ಶುರುಮಾಡಿದಳು. ಗೇರು ಹಾಕುವುದನ್ನು ಹೇಳಿಕೊಡುವಷ್ಟರಲ್ಲಿ ಗೊತ್ತಿದ್ದ ಇಂಗ್ಲಿಷು ಮುಗಿದುಹೋಗುತ್ತಿತ್ತು.

ದಿನಾ ಏನಾದರೂ ಹಾಕಲೇಬೇಕು ಎಂಬ ಹಟ ಬೇರೆ. ಒಂದು ದಿನ ರಂಗೋಲಿ, ಒಂದು ದಿನ ಸೊಪ್ಪಿನ ಸಾರು, ಇನ್ನೊಂದು ದಿನ ಮನೆಯ ಬೆಕ್ಕು. ಸಾರಿನ ವಿಡಿಯೊ ಸ್ವಲ್ಪ ಓಡಿತು. ಫೋನುಗಳೂ ಬಂದವು, ಎಲ್ಲರೂ ಕೇಳಿದ್ದು ಸಾರಿಗೆ ಯಾವ ಸೊಪ್ಪು ಎಂದು. ಕೊನೆಗೆ ಒಬ್ಬಾಕೆ ಕಾರು ಕಲಿಯಬೇಕೆಂದು ಬಲು ಉತ್ಸಾಹದಿಂದ ಮಾತಾಡಿದಳು. ಕ್ಲಾಸಿನ ಹೊತ್ತೂ ನಿಗದಿಯಾಯಿತು. ಆಮೇಲೆ ನೋಡಿದರೆ ಅವಳಿರುವುದು ಹುಬ್ಬಳ್ಳಿಯಲ್ಲಿ! ಇಷ್ಟು ದಿನ ಪೇಜಿನಲ್ಲಿ ಎಲ್ಲೂ ಹೊಸೂರು ಎಂದೇ ಬರೆದಿರಲಿಲ್ಲ. ದುಡ್ಡು ಕೊಟ್ಟು ಫಾಲೋವರ್‌ಗಳನ್ನು ಕೊಂಡದ್ದೂ ಆಯಿತು. ಓದಲು ಬಾರದ ಲಿಪಿಯ ಹೆಸರುಗಳು ರಾಶಿ ರಾಶಿ ಬಂದು ಕೂತವು. ಅವರಲ್ಲಿ ಒಬ್ಬರಿಗೂ ಹೊಸೂರು ಯಾವ ದಿಕ್ಕಿಗಿದೆ ಎಂದು ಗೊತ್ತಿದ್ದಂತಿರಲಿಲ್ಲ.

ಇಷ್ಟೆಲ್ಲದರ ನಡುವೆ ಅವಳಿಗೆ ಸಿಕ್ಕ ನಿಜವಾದ ಶಿಷ್ಯೆ ರಾಮಲಕ್ಷ್ಮಮ್ಮ. ತೊರಪಲ್ಲಿ ಅಗ್ರಹಾರದ ಹತ್ತಿರ ಗುಲಾಬಿ, ಸೇವಂತಿಗೆ ಬೆಳೆಯುವ ಹೆಂಗಸು, ವಯಸ್ಸು ಐವತ್ತು ದಾಟಿದೆ. ಮಗ ಕೊಂಡ ಕಾರು ಅವನು ಶಿಫ್ಟಿಗೆ ಹೋದ ಮೇಲೆ ಅಂಗಳದಲ್ಲೇ ನಿಂತಿರುತ್ತಿತ್ತು.

"ಹೂವ ಮಾರ್ಕೆಟ್ಟಿಗೆ ಸಾಗ್ಸಕ್ಕೆ ದಿನಾ ಆಟೋನವನ ಕೈ ಕಾಲು ಹಿಡಿಬೇಕು, ಟೀಚರಮ್ಮ. ಮನೇಲಿ ಕಾರು ಮಡಿಕಂಡು ಇದೇನು ಕರ್ಮ? ನಂಗೇ ಕಲಿಸ್ಬುಡು," ಎಂದು ಬಂದಿದ್ದಳು.

ಒಂದು ಬೆಳಿಗ್ಗೆ ಹಳ್ಳಿಯ ದಾರಿಯಲ್ಲಿ ಪಾಠ ನಡೆಯುತ್ತಿತ್ತು. ಮುಂದೊಂದು ಕೋಳಿ ಅಡ್ಡ ಬಂತು. ರಾಮಲಕ್ಷ್ಮಮ್ಮ ಬ್ರೇಕು ಒತ್ತುವ ಬದಲು ಆಕ್ಸಿಲರೇಟರ್ ಒತ್ತಿದಳು. ಕಾರು ನೆಗೆಯಿತು. "ಹೋ... ಹೋ... ನಿಂತ್ಕಳ್ಳಾ, ನನ್ನಪ್ಪಾ, ನಿಂತ್ಕಳ್ಳಾ!" ಎಂದು ಎತ್ತಿಗೆ ಹೇಳುವ ಹಾಗೆ ಕಾರಿಗೆ ಕೂಗಿದಳು. ಮಂಗಳಾ ತನ್ನ ಕಾಲ ಬಳಿಯಿದ್ದ ಟೀಚರ್ ಬ್ರೇಕು ಒತ್ತುವಷ್ಟರಲ್ಲಿ ಕಾರಿನ ಮೂತಿ ಒಂದು ರಾಗಿ ಹುಲ್ಲಿನ ಮೆದೆಯೊಳಗೆ ಹೋಗಿ ಮೆತ್ತಗೆ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂದಿನ ಗಾಜಿನ ಹತ್ತಿರ ಸಿಕ್ಕಿಸಿದ್ದ ಫೋನು ಎಲ್ಲವನ್ನೂ ಹಿಡಿದಿತ್ತು. ಮಂಗಳಾ ಮನೆಗೆ ಬಂದು ಅದಕ್ಕೊಂದು ತಮಾಷೆಯ ಸಂಗೀತ ಸೇರಿಸಿ ಪೇಜಿಗೆ ಹಾಕಿದಳು. ರಾಮಲಕ್ಷ್ಮಮ್ಮನನ್ನು ಕೇಳಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ.

ವಿಡಿಯೊ ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಆ ಅಮ್ಮ ಯಾರು ಎಂದು ಕೇಳಿ ಕೃಷ್ಣಗಿರಿಯಿಂದ, ಅತ್ತಿಬೆಲೆಯಿಂದ ಫೋನುಗಳು ಬಂದವು. "ನೋಡಿದ್ರಾ, ಹೆಂಗೆ ಹೆಸ್ರು ಬಂತು!" ಎಂದು ಗಂಡನ ಮುಂದೆ ಫೋನು ಹಿಡಿದಳು.

ರಘುನಾಥ್ ನೋಡಿದ, ನಕ್ಕ, ಆಮೇಲೆ ನಗು ನಿಲ್ಲಿಸಿದ. "ಹೆಸ್ರು ಬಂದಿರೋದು ಆವಮ್ಮಂಗಲ್ವಾ? ಆವಮ್ಮ ಏನಂದ್ಲು?"

ಆವಮ್ಮ ಮಾರನೆಯ ದಿನ ಪಾಠಕ್ಕೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಮಂಗಳಾ ತಾನೇ ತೊರಪಲ್ಲಿಗೆ ಹೋದಳು.

ರಾಮಲಕ್ಷ್ಮಮ್ಮ ತೋಟದಲ್ಲಿ ಸೇವಂತಿಗೆ ಬಿಡಿಸುತ್ತಿದ್ದಳು. ತಲೆ ಎತ್ತಿ ನೋಡಿ ಮತ್ತೆ ಹೂವಿಗೇ ಕೈ ಹಾಕಿದಳು.

"ಯಾಕಮ್ಮ ಕ್ಲಾಸಿಗೆ ಬರ್ಲಿಲ್ಲ?"

"ಬಂದು ಏನ್ಮಾಡ್ಲಿ ಟೀಚರಮ್ಮ? ಇನ್ನೊಂದು ವಿಡಿಯೊ ಬೇಕಾಗಿತ್ತಾ?"

ಮಂಗಳಾ ತಡವರಿಸಿದಳು. "ಅವತ್ತು ನೀವೂ ನಕ್ಕಿದ್ರಿ, ಅದಕ್ಕೇ..."

"ನಕ್ಕೆ. ಕಾರೊಳ್ಗೆ ನಾವಿಬ್ರೇ ಇದ್ವಿ, ನಕ್ಕಂಡ್ವಿ. ಈಗ ಮಾರ್ಕೆಟ್ನಾಗೆ ನನ್ನ ಮುಖ ಕಂಡೇಟ್ಗೆ ಹೋ ಹೋ ಅಂತಾರೆ. ಸೊಸೆ ತೌರುಮನೆಯೋರು ಫೋನ್ ಮಾಡಿ, ನಿಮ್ಮತ್ತೆಗೆ ಈ ವಯಸ್ನಾಗೆ ಯಾಕೆ ಬೇಕಿತ್ತು ಅಂತ ಕೇಳವ್ರೆ. ನಾನು ಕಲಿಯಕ್ಕೆ ಬಂದೋಳು ಕಣಮ್ಮ, ಆಟ ಕಟ್ಟಕ್ಕಲ್ಲ."

"ತಪ್ಪಾಯ್ತಮ್ಮ. ಈಗ್ಲೇ ತೆಗ್ದಾಕ್ತೀನಿ."

"ತೆಗಿ. ನೋಡ್ದೋರ ಕಣ್ಣಾಗಿಂದ ಹೋಯ್ತದಾ?"

ಮಂಗಳಾ ಅಲ್ಲೇ ನಿಂತು ವಿಡಿಯೊ ಅಳಿಸಿದಳು. ಆದರೆ ಅಷ್ಟರಲ್ಲಿ ಬೇರೆ ಎಷ್ಟೋ ಪೇಜುಗಳು ಅದನ್ನು ಎತ್ತಿಕೊಂಡಿದ್ದವು. ಒಬ್ಬೊಬ್ಬರಿಗೂ ಬರೆದು ತೆಗೆಯಿರಿ ಎಂದು ಕೇಳಿಕೊಂಡಳು. ಕೆಲವರು ತೆಗೆದರು, ಕೆಲವರು ಉತ್ತರವಾಗಿ ನಗುವ ಮುಖದ ಚಿತ್ರ ಕಳಿಸಿದರು.

ಭಾನುವಾರ ಮನೆಯ ಮುಂದೆ ನಿಲ್ಲಿಸಿದ್ದ ಕಾರಿನಲ್ಲಿ ಕೂತು ಅವಳು ಇನ್ನೊಂದು ವಿಡಿಯೊ ಮಾಡಿದಳು. ಕೂಲಿಂಗ್ ಗ್ಲಾಸಿಲ್ಲ, ಸಂಗೀತವಿಲ್ಲ, ಹಿಂದೆ ಲಾರಿಗಳ ಹಾರನ್ನು ಮಾತ್ರ. "ನಾನು ಮಂಗಳಾ, ಹೊಸೂರು ಜೂಜುವಾಡೀಲಿ ಹೆಂಗಸ್ರಿಗೆ ಕಾರು, ಸ್ಕೂಟರು ಕಲಿಸ್ತೀನಿ. ಹೋದ ವಾರ ಒಬ್ರು ದೊಡ್ಡೋರ ವಿಡಿಯೊ ಅವರನ್ನ ಕೇಳ್ದೇನೆ ಹಾಕ್ಬುಟ್ಟೆ. ಅದು ನನ್ ತಪ್ಪು. ದಯವಿಟ್ಟು ಅದನ್ನ ಯಾರೂ ಕಳಿಸ್ಬೇಡಿ. ಬ್ರೇಕ್ ಬದ್ಲು ಆಕ್ಸಿಲರೇಟರ್ ಒತ್ತೋದು ಕಲಿಯೋರೆಲ್ಲ ಮಾಡ್ತಾರೆ. ನಾನು ಕಲಿಯೋವಾಗ ನಮ್ಮೂರ ಸ್ಕೂಲ್ ಕಾಂಪೌಂಡೇ ಬೀಳಿಸಿದ್ದೆ." ಅದನ್ನೇ ತಮಿಳಿನಲ್ಲೂ ತೆಲುಗಿನಲ್ಲೂ ಹೇಳಿ, ಗಾಬರಿಯಾದಾಗ ಕಾಲು ಎಲ್ಲಿಡಬೇಕು ಎಂದು ತೋರಿಸಿ ಮುಗಿಸಿದಳು.

ಮೆದೆಗೆ ನುಗ್ಗಿದ ವಿಡಿಯೊ ನೋಡಿದವರ ಕಾಲು ಭಾಗದಷ್ಟು ಜನವೂ ಇದನ್ನು ನೋಡಲಿಲ್ಲ. ಆದರೆ ಫೋನು ಮಾಡಿದವರೆಲ್ಲ ಹೊಸೂರಿನ ಸುತ್ತಮುತ್ತಲಿನವರು, ಕೇಳಿದ್ದು ಕ್ಲಾಸಿನ ವಿಷಯ. ಆಮೇಲೆ ಪೇಜಿಗೆ 'ಮಂಗಳಾ ಡ್ರೈವಿಂಗ್ ಕ್ಲಾಸ್, ಹೊಸೂರು' ಎಂಬ ಒಂದೇ ಹೆಸರು ಉಳಿಯಿತು. ವಾರಕ್ಕೊಂದು ವಿಡಿಯೊ. ಸಾರಿನ ಮಾತಿಲ್ಲ. ಯಾರಾದರೂ ಏನಾದರೂ ಕೇಳಿದರೆ ಅವತ್ತೇ ಉತ್ತರ. ಕಲಿಯುವವರ ಮುಖ ಬೇಕಿದ್ದರೆ ಮೊದಲು ಕೇಳುತ್ತಾಳೆ. ಬೇಡ ಎಂದರೆ ಸ್ಟೀರಿಂಗಿನ ಮೇಲಿನ ಕೈ ಮಾತ್ರ.

ರಾಮಲಕ್ಷ್ಮಮ್ಮ ಬಹಳ ದಿನ ಪಾಠದ ಕಡೆ ತಿರುಗಿ ನೋಡಲಿಲ್ಲ. ಒಂದು ಸಂಜೆ ತಾನಾಗಿ ಫೋನು ಮಾಡಿದಳು. "ಟೀಚರಮ್ಮ, ನಾಳೆ ಬತ್ತೀಯಾ? ಫೋನು ಮನೇಲೇ ಇಟ್ಬುಟ್ಟು ಬಾ."

ಮಂಗಳಾ ಹಾಗೇ ಹೋದಳು. ಪಾಠ ಮುಗಿಯಿತು, ಲೈಸೆನ್ಸೂ ಬಂತು. ಈಗ ಬೆಳಗಿನ ಜಾವ ತೊರಪಲ್ಲಿಯಿಂದ ಹೂವಿನ ಚೀಲ ತುಂಬಿಕೊಂಡು ಒಂದು ಕಾರು ನಿಧಾನವಾಗಿ ಮಾರ್ಕೆಟ್ಟಿಗೆ ಬರುತ್ತದೆ. ಅದರ ವಿಡಿಯೊ ಯಾವ ಪೇಜಿನಲ್ಲೂ ಇಲ್ಲ.

ಕಳೆದ ತಿಂಗಳು ಬೆಟ್ಟದ ಕಡೆಯ ಅಂಚೆಟ್ಟಿಯಿಂದ ಕೋಮಲಾ ಎಂಬ ನರ್ಸ್ ಪೇಜು ನೋಡಿ ಫೋನು ಮಾಡಿದ್ದಳು. ಬಸ್ಸು ತಪ್ಪಿದರೆ ಕಾಡಿನ ದಾರಿಯಲ್ಲಿ ನಡೆದೇ ಹಳ್ಳಿಗಳಿಗೆ ಹೋಗಬೇಕಂತೆ, ಸ್ಕೂಟರು ಕಲಿಯಬೇಕಂತೆ, ಜೊತೆಗೆ ಇನ್ನೂ ಕೆಲವು ಹೆಂಗಸರು ಇದ್ದಾರಂತೆ. ಅಷ್ಟು ದೂರ ಬರುತ್ತೀರಾ ಎಂದು ಕೇಳಿದಳು. ಮಂಗಳಾ ಈಗ ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಅಂಚೆಟ್ಟಿಗೆ ಬೆಟ್ಟದ ದಾರಿ ಹಿಡಿಯುತ್ತಾಳೆ.