ಔಡಲೆಣ್ಣೆ ಕುಡಿಸಿದವರು

ರಾವೂರಿನಲ್ಲಿ ನಾನು ಅಂಗನವಾಡಿ ನಡೆಸುತ್ತೇನೆ. ಮಕ್ಕಳಿಗೆ ಜಂತುಹುಳದ ಗುಳಿಗೆ ತಿನ್ನಿಸುವುದು, ಹೊಟ್ಟೆನೋವೆಂದರೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಕುಡಿಸಬೇಡಿ ಎಂದು ತಾಯಂದಿರಿಗೆ ಹೇಳುವುದು ನನ್ನದೇ ಕೆಲಸ. ಊರಿಗೆ ಬುದ್ಧಿ ಹೇಳುವವಳ ಮನೆಯ ಕಥೆ ಬೇರೆ. ಆ ಸಲ ಗುಳಿಗೆ ಹಂಚಿದ ದಿನ ನನ್ನ ಐದು ವರ್ಷದ ಮಗಳಿಗೆ ಜ್ವರವಿತ್ತು. ಆಮೇಲೆ ಕೊಟ್ಟರಾಯಿತು ಎಂದುಕೊಂಡವಳು ಮರೆತೇಬಿಟ್ಟೆ.

ಎರಡು ತಿಂಗಳಿಗೆ ಅವಳಿಗೆ ಹೊಟ್ಟೆನೋವು ಬಂತು. ಎರಡು ದಿನ ಸಂಡಾಸಕ್ಕೆ ಹೋಗಲಿಲ್ಲ. ದವಾಖಾನೆಗೆ ಹೋಗೋಣ ಎಂದ ಅತ್ತೆಯ ಮಾತು ಕೇಳದೆ, ನಮ್ಮವ್ವ ನನಗೆ ಮಾಡುತ್ತಿದ್ದಂತೆ ಬಿಸಿ ಚಹಾದಲ್ಲಿ ಎರಡು ಚಮಚ ಔಡಲೆಣ್ಣೆ ಹಾಕಿ ಕುಡಿಸಿದೆ. ಗಂಟೆಯೊಳಗೆ ಮಗಳು ಹಸಿರು ವಾಂತಿ ಮಾಡಿ, ಹೊಟ್ಟೆ ಹಿಡಿದುಕೊಂಡು ಹೊರಳಾಡಿದಳು. ಹತ್ತಿರದ ವಾಡಿ ಊರಿನ ದವಾಖಾನೆಯಲ್ಲಿ ನೋಡಿದವರು ಕಲಬುರಗಿಗೆ ಕಳಿಸಿದರು. ಶಹಾಬಾದ್ ದಾಟುವವರೆಗೂ ಅವಳ ಅಳು ನಿಲ್ಲಲಿಲ್ಲ.

ಎಕ್ಸ್‌ರೇ ನೋಡಿದ ಡಾಕ್ಟರು, ಹುಳಗಳು ಗಂಟುಕಟ್ಟಿ ಕರುಳಿಗೆ ಅಡ್ಡ ಕೂತಿವೆ ಎಂದರು. ಹೊಟ್ಟೆ ಇನ್ನೂ ಮೆತ್ತಗಿತ್ತು. ಮೂಗಿಗೆ ನಳಿಗೆ ಹಾಕಿ, ಬಾಯಿಗೆ ಏನೂ ಕೊಡದೆ, ಸಲಾಯಿನ್ ಮೇಲೆ ಕಾಯಬಹುದಿತ್ತು. ಆದರೆ ನೋವು ಇಷ್ಟು ಜೋರಾಗಿರುವುದು ಅವರಿಗೆ ಸರಿ ಕಾಣಲಿಲ್ಲ. ಕರುಳು ಕೆಡುತ್ತಿದ್ದರೆ ಈಗಲೇ ಆಪರೇಶನ್ ಮಾಡಬೇಕು ಎಂದರು.

"ಮನ್ಯಾಗ ಏನರ ಔಷಧ ಕುಡಿಸೀರೇನು? ಖರೆ ಹೇಳ್ರಿ."

ನನ್ನ ಕೆಲಸ ಏನೆಂದು ಅವರಿಗೆ ಆಗಲೇ ಜಂಬದಿಂದ ಹೇಳಿಬಿಟ್ಟಿದ್ದೆ. "ಇಲ್ರಿ" ಎಂದೆ.

ಪಕ್ಕದಲ್ಲಿದ್ದ ಅತ್ತೆ ಸೆರಗು ಸರಿಮಾಡಿಕೊಂಡರು. "ನಾ ಕುಡಿಸೀನ್ರಿ, ಔಡಲೆಣ್ಣಿ. ಅದಾದ ಮ್ಯಾಲೇ ನೋವು ಜೋರಾತು."

ಡಾಕ್ಟರು ವಾರ್ಡಿಗೆಲ್ಲ ಕೇಳುವಂತೆ ಬೈದರು. ದಾರಿ ಕಟ್ಟಿದ ಕರುಳಿಗೆ ಭೇದಿಯ ಎಣ್ಣೆ ಹಾಕಿದರೆ ಅದು ಹಿಂಡದೆ ಏನು ಮಾಡೀತು ಎಂದರು. ಬೈದು ಮುಗಿಸಿ, ಹಾಗಾದರೆ ನೋವು ಎಣ್ಣೆಯದೇ ಇರಬಹುದು, ಗಂಟೆಗೊಮ್ಮೆ ಹೊಟ್ಟೆ ಮುಟ್ಟಿ ನೋಡುತ್ತ ಒಂದು ದಿನ ಕಾಯೋಣ ಎಂದರು. "ಈ ಅಜ್ಜಿನ್ನ ಮಾತ್ರ ಕೂಸಿನ ಹತ್ರ ಬಿಡಬ್ಯಾಡ್ರಿ" ಎಂದು ಸಿಸ್ಟರಿಗೆ ಹೇಳಿ ಹೋದರು.

ಅತ್ತೆ ಹೊರಗಿನ ಕಟ್ಟೆಯ ಮೇಲೆ ಕೂತರು. ನಾನು ನಿಜ ಹೇಳದೆ ಮಗಳ ಪಕ್ಕ ಕೂತೆ. ಆ ನಾಚಿಕೆ ಈಗಲೂ ಹೋಗಿಲ್ಲ.

ಮರುದಿನ ಮಧ್ಯಾಹ್ನ ಮಗಳು ಜೋರಾಗಿ ಹೂಸು ಬಿಟ್ಟಳು. ಅಷ್ಟು ಖುಷಿ ನನಗೆ ಅವಳು ಹುಟ್ಟಿದಾಗಲೂ ಆಗಿರಲಿಲ್ಲ. ದಾರಿ ಬಿಟ್ಟಿತು, ಇನ್ನು ಆಪರೇಶನ್ ಬೇಡ ಎಂದರು ಡಾಕ್ಟರು.

ಹೇಳಲು ಹೊರಗೆ ಓಡಿದೆ. ಅತ್ತೆಯ ಕಾಲು ಹಿಡಿದು, ಆ ಬೈಗುಳ ನನಗೆ ಬೀಳಬೇಕಿತ್ತು ಎಂದೆ.

"ನಿನ್ನ ಹೊರಗ ಹಾಕಿದ್ರ ಏನು ಮಾಡತಿದ್ದಿ?" ಎಂದರು ಅತ್ತೆ. "ಕೂಸು ಅವ್ವಾ ಅಂತ ಅಳಾಕತ್ತಿತ್ತು, ಅಜ್ಜಿ ಅಂತಲ್ಲ."